ಗಿಳಿ ಹೋದ ಮೇಲೂ ಉಳಿದಿರುವ ಹನ್ನೆರಡು ಮಾತುಗಳನ್ನು ಅಳಿಸದಿರುವ ಕುರಿತು

ಇಂದ:
ಬೆರಳಚ್ಚು ಸಹಾಯಕಿ,
ಹದಿನಾಲ್ಕನೇ ಸಂಖ್ಯೆಯ ಕಂಪ್ಯೂಟರ್,
ಎರಡನೇ ಮಹಡಿ.

ಗೆ:
ಉಪನಿರ್ದೇಶಕರು,
ಲಿಫ್ಟ್ ತಪಾಸಣಾ ಕಚೇರಿ,
ಐದನೇ ಮಹಡಿ (ನಮ್ಮ ಲಿಫ್ಟ್ ಕೆಟ್ಟಿರುವ ಕಾರಣ ಮೆಟ್ಟಿಲಿನ ಮೂಲಕ).

ವಿಷಯ: ತೆಗೆದುಹಾಕಲಾದ ಗಿಳಿ ತಂತ್ರಾಂಶದ ಉಳಿಕೆಗಳನ್ನು ಬರುವ ಶುಕ್ರವಾರ ಅಳಿಸದಿರುವ ಬಗ್ಗೆ, ಹಾಗೂ ಅರ್ಜಿದಾರಳು ಕೆಲಸದ ವೇಳೆಯಲ್ಲಿ ನಕ್ಕಿದ್ದಕ್ಕೆ ಸಮಜಾಯಿಷಿ.

ಉಲ್ಲೇಖ:
(ಅ) "ಈ ಗಿಳಿಯನ್ನು ಕೂಡಲೇ ತೆಗೆಯಿರಿ" ಎಂದು ಅರ್ಜಿದಾರಳೇ ಎಂಟು ತಿಂಗಳ ಹಿಂದೆ ಕೊಟ್ಟ ಅರ್ಜಿ.
(ಆ) ಎಲ್ಲ ಕಂಪ್ಯೂಟರುಗಳಲ್ಲಿ ಬಿದ್ದಿರುವ ಹಳೆಯ ಕಡತ, ರಿಜಿಸ್ಟ್ರಿ ನಮೂದುಗಳನ್ನು ಶುಕ್ರವಾರ ನಾಲ್ಕು ಗಂಟೆಗೆ ಗುಡಿಸಿಹಾಕುವುದಾಗಿ ಕಂಪ್ಯೂಟರ್ ವಿಭಾಗದ ಸುತ್ತೋಲೆ.
(ಇ) "ಸೋಮವಾರ ಹನ್ನೊಂದು ನಿಮಿಷ ನಕ್ಕಿದ್ದೇಕೆ" ಎಂದು ತಾವು ಕೊಟ್ಟ ನೋಟಿಸ್.

ಮಾನ್ಯರೇ,

1. ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ, ಹದಿನಾಲ್ಕನೇ ಕಂಪ್ಯೂಟರಿನ ಮುಂದೆ ಆರು ವರ್ಷ ಕೂತು ಲಿಫ್ಟುಗಳ ಸುರಕ್ಷತಾ ಪತ್ರ ಬೆರಳಚ್ಚು ಮಾಡಿದವರು ಅರ್ಜಿದಾರಳ ಗಂಡ. (ಮುಂದೆ "ಅವರು" ಎಂದಷ್ಟೇ ಬರೆಯಲಾಗುವುದು; ಮನೆಯಲ್ಲೂ ಹಾಗೇ ರೂಢಿ.) ಹತ್ತು ತಿಂಗಳ ಹಿಂದೆ ಅವರು ಜ್ವರವೆಂದು ಆಸ್ಪತ್ರೆಗೆ ಹೋದರು, ಐದನೇ ದಿನ ತೀರಿಕೊಂಡರು. ಸಾವಿಗೂ ಲಿಫ್ಟಿಗೂ ಸಂಬಂಧವಿಲ್ಲದ ಕಾರಣ ಕಚೇರಿಯಿಂದ ತಪಾಸಣೆಯ ಅಗತ್ಯ ಬೀಳಲಿಲ್ಲ. ಎರಡು ತಿಂಗಳಾದ ಮೇಲೆ ತಾವು ಅದೇ ಕುರ್ಚಿಯನ್ನು ಅರ್ಜಿದಾರಳಿಗೆ ಕೊಟ್ಟಿರಿ. ಅರ್ಜಿದಾರಳು ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದ್ದಾಳೆ. ಕುರ್ಚಿಗೆ ಅದರಿಂದ ತೊಂದರೆಯಾಗಿಲ್ಲ.

2. ಅವರು ಯಾರ ಅನುಮತಿಯನ್ನೂ ಪಡೆಯದೆ ಈ ಕಂಪ್ಯೂಟರಿಗೆ ಒಂದು ಗಿಳಿಯನ್ನು ಹಾಕಿಕೊಂಡಿದ್ದರು. ಅದು ಪರದೆಯ ಮೂಲೆಯಿಂದ ಹಾರಿ ಬಂದು, ಬೆರಳಚ್ಚಿಸುತ್ತಿರುವ ಪತ್ರದ ಮೇಲೆ ಕೂತು, ಒಂದು ಬಿಳಿ ಗುಳ್ಳೆಯೊಳಗೆ ಮಾತಾಡುವಂಥ ಗಿಳಿ. ಮಾತುಗಳನ್ನು ನಾವೇ ಬರೆದು ಕಲಿಸಬೇಕು. ಅರ್ಜಿದಾರಳು ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಅದು ಹಾರಿ ಬಂದು, "ಬಂದ್ಯಾ ರಾಜ? ಕೂತ್ಕೋ, ಮೊದಲು ಸುಧಾರಿಸ್ಕೋ," ಎಂದಿತು. ಅವರು ತಮ್ಮನ್ನು ತಾವೇ ರಾಜ ಎಂದು ಕರೆದುಕೊಳ್ಳುತ್ತಿದ್ದ ಸಂಗತಿ ಅರ್ಜಿದಾರಳಿಗೆ ತಿಳಿದದ್ದು ಆಗಲೇ. ಆದ್ದರಿಂದ ಅವಳು ಎದ್ದುಹೋಗಿ ಉಲ್ಲೇಖ (ಅ)ರ ಅರ್ಜಿಯನ್ನು ಬರೆದುಕೊಟ್ಟಳು.

3. ಕಂಪ್ಯೂಟರ್ ವಿಭಾಗದ ತಂತ್ರಜ್ಞರು ಅಂದೇ ಬಂದು ಗಿಳಿಯನ್ನು ತೆಗೆದರು. (ಯಾರು ಏನು ದೂರು ಹೇಳಿದರೂ "ರೀಸ್ಟಾರ್ಟ್ ಮಾಡಿದ್ರಾ?" ಎಂದು ಕೇಳುವ ಕಾರಣ ಈ ತಂತ್ರಜ್ಞರಿಗೆ ರೀಸ್ಟಾರ್ಟ್ ಎಂದೇ ಹೆಸರಾಗಿದೆ. ಅರ್ಜಿದಾರಳ ಮುಖ ನೋಡಿ ಅಂದು ಮಾತ್ರ ಕೇಳಲಿಲ್ಲ.) ಹತ್ತು ದಿನ ಯಾವ ಸದ್ದೂ ಇರಲಿಲ್ಲ. ಹನ್ನೊಂದನೇ ದಿನ ಗಿಳಿಯಿಲ್ಲದೆ ಬರೀ ಗುಳ್ಳೆ ಬಂತು: "ಸಂಜೆ ಬಲ್ಬ್ ತಗೊಂಡು ಹೋಗು. ಬಚ್ಚಲಲ್ಲಿ ಕತ್ತಲೆ, ಅವಳ ಮುಖದಲ್ಲೂ ಕತ್ತಲೆ."

4. ಮತ್ತೆ ಕರೆಸಿ ಕೇಳಿದಾಗ ರೀಸ್ಟಾರ್ಟ್ ಅವರು ಕೊಟ್ಟ ತಾಂತ್ರಿಕ ವಿವರಣೆ ಇಂತಿದೆ: "ಬಾಡಿಗೆಯವರು ಮನೆ ಖಾಲಿ ಮಾಡಿದ್ರೂ ಗೋಡೆಲಿ ಮೊಳೆ ಉಳಿದಿರುತ್ತಲ್ಲ ಮೇಡಂ, ಹಾಗೆ. ಗಿಳಿ ಹೋಗಿದೆ. ಅದರ ಮಾತಿನ ಫೈಲು ಹೋಗಿಲ್ಲ. ಮುಂದಿಂದು ಹೇಳು ಅನ್ನೋ ಎಂಟ್ರಿ ರಿಜಿಸ್ಟ್ರಿಯಲ್ಲಿ ಹಾಗೇ ಇದೆ. ಮೊದಲಿಂದ ಶುರು ಮಾಡು ಅನ್ನೋ ಎಂಟ್ರಿ ಮಾತ್ರ ಅಳಿಸಿಹೋಗಿದೆ."

"ಅಂದ್ರೆ?"

"ಒಟ್ಟು ಮೂವತ್ತೊಂದು ಮಾತಿವೆ. ಒಂದೊಂದೂ ಒಂದೇ ಸಲ ಬರುತ್ತೆ. ಸರಿ ಅಂತ ಒತ್ತಿದ್ರೆ ಮುಗೀತು, ಮತ್ತೆ ಬರಲ್ಲ. ಅಳಿಸಿಬಿಡ್ಲಾ?"

ಅರ್ಜಿದಾರಳು "ನೋಡೋಣ" ಎಂದಳು. ತೀರ್ಮಾನ ಇನ್ನೂ ಬಾಕಿಯಿದೆ.

5. ಗುಳ್ಳೆಗಳಿಗೆ ವೇಳಾಪಟ್ಟಿ ಇಲ್ಲ. ವಾರಕ್ಕೆ ಎರಡು ಬಂದದ್ದೂ ಇದೆ, ತಿಂಗಳುಗಟ್ಟಲೆ ಬಾಯಿ ಬಿಡದೆ ಇದ್ದದ್ದೂ ಇದೆ. ಅವೆಲ್ಲ ಅವರು ತಮಗೆ ತಾವೇ ಹೇಳಿಕೊಂಡ ಮಾತುಗಳಾದ್ದರಿಂದ ಅರ್ಜಿದಾರಳಿಗೆ ಕೆಲವು ಆಘಾತಗಳಾಗಿವೆ. ಉದಾಹರಣೆಗೆ: "ಅವಳಿಗೆ ಫೋನ್ ಮಾಡು. ಸುಮ್ನೆ ಮಾಡು. ಕೆಲಸ ಇರ್ಬೇಕು ಅಂತೇನಿಲ್ಲ." ಆರು ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದ ಆ ಫೋನುಗಳನ್ನು ಅರ್ಜಿದಾರಳು ಶುದ್ಧ ಪ್ರೀತಿಯೆಂದೇ ತಿಳಿದಿದ್ದಳು. ಅವುಗಳಲ್ಲಿ ಗಿಳಿಯ ಕೈವಾಡವಿದ್ದುದು ಈಗ ಬಯಲಾಗಿದೆ.

6. ಈ ವಿಷಯ ಮನೆಯಲ್ಲೂ ಗೊತ್ತಿದೆ. ಅರ್ಜಿದಾರಳು ಸಂಜೆ ಬಾಗಿಲು ತೆಗೆಯುವ ಮೊದಲೇ ಅವಳ ಅತ್ತೆ ಒಳಗಿನಿಂದ ಕೇಳುತ್ತಾರೆ: "ಇವತ್ತು ಏನಂದ?" ಏನೂ ಬಾರದ ಒಂದು ದಿನ ಅರ್ಜಿದಾರಳು ಸುಮ್ಮನಿರಲಾರದೆ ತಾನೇ ಒಂದನ್ನು ಕಟ್ಟಿ ಹೇಳಿದಳು: "ಎಲ್ಲದಕ್ಕೂ ತಾಳ್ಮೆ ಬೇಕು ಅಂದ್ರು ಅತ್ತೆ."

"ಇದು ಅವನ ಮಾತಲ್ಲ ಬಿಡೇ," ಎಂದರು ಅತ್ತೆ. "ಅವನಿಗೆ ಅಷ್ಟು ಬುದ್ಧಿ ಎಲ್ಲಿತ್ತು."

ಮರುವಾರ ನಿಜವಾದದ್ದೇ ಬಂತು: "ಅಮ್ಮನ ಸಾರಿಗೆ ಉಪ್ಪು ಜಾಸ್ತಿ ಅನ್ಬೇಡ. ಹೋದ್ಸಲ ಅಂದಿದ್ದಕ್ಕೆ ಎರಡು ದಿನ ಉಪ್ಪೇ ಹಾಕಿರ್ಲಿಲ್ಲ." ಅರ್ಜಿದಾರಳು ಹೆದರಿಕೊಂಡೇ ಒಪ್ಪಿಸಿದಳು. ಅತ್ತೆ ಸೌಟಿನಲ್ಲಿ ಸಾರು ಕಲಕುತ್ತಲೇ, "ಎರಡಲ್ಲ, ಮೂರು ದಿನ," ಎಂದು ತಿದ್ದಿದರು. ಕಡತದಲ್ಲಿ ಈ ತಿದ್ದುಪಡಿಯನ್ನು ಮಾಡಿಲ್ಲ.

7. ಈಗ ಸೋಮವಾರದ ಘಟನೆ. ತಾವು ಎಂದಿನಂತೆ ತಪಾಸಣೆಗೆ ಎರಡನೇ ಮಹಡಿಗೆ ಇಳಿದು ಬಂದು, ಅರ್ಜಿದಾರಳ ಬೆನ್ನ ಹಿಂದೆ ನಿಂತು, "ಒಂದು ಪತ್ರಕ್ಕೆ ಎಷ್ಟು ಹೊತ್ತು ಬೇಕಮ್ಮ?" ಎಂದು ಕೇಳಿದಿರಿ. ಅವಳು ಉತ್ತರಿಸುವ ಮೊದಲೇ ಗುಳ್ಳೆ ಬಂತು. ಅದನ್ನು ತಾವೂ ಓದಿರುವ ಕಾರಣ ಮುಚ್ಚಿಡುವುದು ಏನೂ ಇಲ್ಲ: "ಸಾಹೇಬ್ರು ಬಂದ್ರು. ಟೈ ನೋಡ್ಬೇಡ. ನೋಡಿದ್ರೆ ನಗು ಬರುತ್ತೆ."

ಅರ್ಜಿದಾರಳು ನೋಡಬಾರದೆಂದೇ ಇದ್ದಳು. ಆದರೆ ಮೊದಲು ತಾವೇ ಬಗ್ಗಿ ತಮ್ಮ ಟೈ ನೋಡಿಕೊಂಡಿರಿ. ಆದ್ದರಿಂದ ಅವಳೂ ನೋಡಿದಳು. ಪಕ್ಕದ ಮೇಜಿನಲ್ಲಿ ಮೊಹರು ಒತ್ತುವ ಅಕ್ಕ ನೋಡಿದರು, ಅಕ್ಕ ನೋಡಿದರೆಂದು ಸರದಿಯಲ್ಲಿದ್ದ ಸಾರ್ವಜನಿಕರು ನೋಡಿದರು. ಟೈ ಯಾವ ಗುಂಡಿಯವರೆಗೆ ಬಂದು ನಿಂತಿತ್ತು ಎಂಬುದನ್ನು ಈ ಅರ್ಜಿಯಲ್ಲಿ ಹೇಳಲಾಗುವುದಿಲ್ಲ.

"ಯಾರು ಬರೆದಿದ್ದು ಇದು?" ಎಂದು ತಾವು ಕೇಳಿದಿರಿ.

"ನಮ್ಮನೆಯವ್ರು ಸಾರ್," ಎಂದಳು ಅರ್ಜಿದಾರಳು. ಅಷ್ಟು ಹೇಳಿದ್ದೇ ಕಟ್ಟೆ ಒಡೆಯಿತು.

8. ನಗು ಹನ್ನೊಂದು ನಿಮಿಷ ಇತ್ತೆಂಬುದು ತಮ್ಮ ನೋಟಿಸಿನ ಲೆಕ್ಕ. ಅದಕ್ಕೆ ತಕರಾರಿಲ್ಲ. ಅರ್ಜಿದಾರಳು ಹತ್ತು ತಿಂಗಳಿಂದ ನಕ್ಕಿರಲಿಲ್ಲ, ಅತ್ತಿರಲೂ ಇಲ್ಲ. ಯಾರಾದರೂ ಮಾತಾಡಿಸಿದರೆ ತಲೆಯಾಡಿಸುವುದನ್ನು ರೂಢಿಸಿಕೊಂಡಿದ್ದಳು, ಅದರಲ್ಲೇ ದಿನ ಸಾಗುತ್ತಿತ್ತು. ಹಾಗಾಗಿ ಅಷ್ಟೂ ಬಾಕಿ ಒಟ್ಟಿಗೇ ಹೊರಬಿದ್ದಿರಬಹುದು. ಮೊಹರಿನ ಅಕ್ಕ ಒಳಕೋಣೆಯವರಿಗೆಲ್ಲ ಕೇಳುವಂತೆ, "ಬನ್ರೇ ಇಲ್ಲಿ, ಇವಳು ನಗ್ತಿದಾಳೆ," ಎಂದು ಕೂಗಿ ಜನ ಸೇರಿಸಿದ್ದು ಅವರ ಸ್ವಂತ ಜವಾಬ್ದಾರಿ. ಆ ಹೊತ್ತಿನಲ್ಲಿ ಎಂಟು ಜನರ ಲಿಫ್ಟಿಗೆ ಎಂಬತ್ತು ಜನರೆಂದು ಪತ್ರ ಹೋದದ್ದು ನಿಜ. ಲಿಫ್ಟಿನ ಮಾಲೀಕರು ಮರುದಿನವೇ ವಾಪಸು ತಂದರು. ಎಂಬತ್ತು ಜನ ಹತ್ತಿ ನೋಡಿರಲಿಲ್ಲ.

9. ಇದರ ಬೆನ್ನಿಗೇ ಶುಕ್ರವಾರದ ಸುತ್ತೋಲೆ ಬಂದಿದೆ. ಹತ್ತೊಂಬತ್ತು ಮಾತು ಬಂದಾಗಿದೆ, ಹನ್ನೆರಡು ಉಳಿದಿವೆ. ಅಳಿಸುವ ಮೊದಲು ಅವನ್ನು ಒಟ್ಟಿಗೆ ತೆಗೆದುಕೊಡುವುದಾಗಿ ರೀಸ್ಟಾರ್ಟ್ ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಒಂದು ಹಾಳೆಲಿ ಪ್ರಿಂಟ್ ಹಾಕ್ಕೊಡ್ತೀನಿ ಮೇಡಂ. ಒಂದು ನಿಮಿಷದಲ್ಲಿ ಓದಿ ಮುಗಿಸ್ಬಹುದು."

ಅರ್ಜಿದಾರಳ ಆಕ್ಷೇಪಣೆ ಇರುವುದು ಅಲ್ಲಿಯೇ. ಒಂದು ನಿಮಿಷದಲ್ಲಿ ಓದಿ ಮುಗಿಸಿದರೆ ಎರಡನೇ ನಿಮಿಷದಿಂದ ಅವರು ಹೇಳುವುದು ಏನೂ ಇರುವುದಿಲ್ಲ. ಹೀಗೇ ಬಿಟ್ಟರೆ ಇನ್ನೂ ಕೆಲವು ತಿಂಗಳು ಬೆಳಿಗ್ಗೆ ಕಂಪ್ಯೂಟರ್ ಹಚ್ಚುವಾಗ, ಇವತ್ತು ಏನಾದರೂ ಅಂದಾರು ಎಂದುಕೊಳ್ಳಬಹುದು. ಅರ್ಜಿದಾರಳು ಮೆಟ್ಟಿಲು ಹತ್ತಿ ಬರುತ್ತಿರುವುದು ಆ ಕಾರಣಕ್ಕಾಗಿ.

10. ಇನ್ನೊಂದು ಸಣ್ಣ ದೂರು. ಎಣಿಸುವಾಗ ಉಳಿದ ಹನ್ನೆರಡರಲ್ಲಿ ಒಂದು ರೀಸ್ಟಾರ್ಟ್ ಅವರ ಕಣ್ಣಿಗೆ ಬಿದ್ದಿದೆ. ಅಂದಿನಿಂದ ಅವರು ಅರ್ಜಿದಾರಳನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆ ಕಡೆ ತಿರುಗುತ್ತಾರೆ.

"ಮರೆತ್ಬಿಡಿ ಅದನ್ನ," ಎಂದರೆ, "ಮರೆಯೋ ಅಂಥದ್ದಲ್ಲ ಮೇಡಂ," ಎನ್ನುತ್ತಾರೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಅರ್ಜಿದಾರಳ ಕೋರಿಕೆಗಳು:

(ಕ) ಉಳಿದ ಹನ್ನೆರಡೂ ತಾವಾಗಿಯೇ ಬರುವವರೆಗೆ ಹದಿನಾಲ್ಕನೇ ಕಂಪ್ಯೂಟರನ್ನು ಗುಡಿಸಬಾರದು. ಆಮೇಲೆ ಅರ್ಜಿದಾರಳೇ ಬಂದು ಗುಡಿಸಲು ಹೇಳುತ್ತಾಳೆ.

(ಖ) ಅವಳು ಇಲ್ಲದಾಗ ಗುಳ್ಳೆ ಬಂದರೆ ಯಾರೂ "ಸರಿ" ಒತ್ತಬಾರದು. ಪರದೆಯ ಮೇಲೆ ಒಂದು ಟವೆಲ್ ಹೊದಿಸಿ ಕಾಯಬೇಕು.

(ಗ) ರೀಸ್ಟಾರ್ಟ್ ಅವರು ಆ ಒಂದು ಮಾತನ್ನು ಹೊರಬಿಡದಂತೆ ಲಿಖಿತ ಆದೇಶವಾಗಬೇಕು.

(ಘ) ಮುಂದಿನ ಹನ್ನೆರಡರಲ್ಲಿ ತಮ್ಮ ಬಗ್ಗೆ ಇನ್ನೂ ಏನಾದರೂ ಇದ್ದಲ್ಲಿ, ಬರೆದವರು ವಿಚಾರಣೆಗೆ ಹಾಜರಾಗಲು ಸಾಧ್ಯವಿಲ್ಲವಾದ್ದರಿಂದ ಮುಂಗಡವಾಗಿಯೇ ಕ್ಷಮಿಸಬೇಕು.

ತಾವು ನೋಟಿಸ್ ಕೊಟ್ಟು ಹೋಗುವಾಗ ಮೆಟ್ಟಿಲ ತಿರುವಿನಲ್ಲಿ ನಿಂತು ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು ತಾವೂ ನಕ್ಕಿರೆಂದು ಮೊಹರಿನ ಅಕ್ಕ ಹೇಳುತ್ತಾರೆ. ಅದನ್ನು ಸಾಕ್ಷ್ಯವಾಗಿ ಬಳಸುತ್ತಿಲ್ಲ.

ಇಂತಿ, ಕೆಲಸದಲ್ಲೂ ನಗುವಿನಲ್ಲೂ ತಮ್ಮ ವಿಶ್ವಾಸಿ,
(ಸಹಿ)
ಅರ್ಜಿದಾರಳು

ಲಗತ್ತುಗಳು:
1. ಈವರೆಗೆ ಬಂದ ಹತ್ತೊಂಬತ್ತು ಮಾತುಗಳ ಪಟ್ಟಿ. (ಮೂರನ್ನು ಶಾಯಿಯಿಂದ ಮುಚ್ಚಿದೆ. ಅವು ದಂಪತಿಗಳಿಗೆ ಸಂಬಂಧಿಸಿದವು.)
2. ಎಂಟು ಜನರೆಂದು ಸರಿಪಡಿಸಿದ ಲಿಫ್ಟ್ ಪತ್ರದ ಪ್ರತಿ.
3. ಒಂದು ದಿನದ ರಜೆ ಅರ್ಜಿ.

ವಿ.ಸೂ.: ಮೂರನೇ ಲಗತ್ತಿನ ರಜೆ, ಹನ್ನೆರಡನೆಯ ಮಾತು ಬಂದ ಮರುದಿನಕ್ಕೆ. ಅದು ಯಾವತ್ತೆಂದು ಈಗ ತಿಳಿಯದ ಕಾರಣ ದಿನಾಂಕದ ಜಾಗ ಖಾಲಿ ಬಿಟ್ಟಿದೆ. ತಾವು ಸದ್ಯಕ್ಕೆ ಮಂಜೂರು ಎಂದು ಸಹಿ ಮಾತ್ರ ಹಾಕಿಕೊಟ್ಟಿರಬೇಕಾಗಿ ವಿನಂತಿ. ದಿನಾಂಕವನ್ನು ಅರ್ಜಿದಾರಳು ಆದಷ್ಟು ತಡವಾಗಿ ತುಂಬಿಕೊಳ್ಳುತ್ತಾಳೆ.