ಕಚ್ಚೆಸೀರೆಯಲ್ಲಿ ಟೆನಿಸ್ಸು

ರ‍್ಯಾಕೆಟ್ಟು ಹಿಡಿದ ಹೆಂಗಸನ್ನು ಕಂಡರೆ ಎಂಥಾ ಗಂಭೀರ ಮನುಷ್ಯನೂ ಏನಾದರೊಂದು ಎಡವಟ್ಟು ಮಾಡಿಯೇ ಮಾಡುತ್ತಾನೆ. ಇದು ನಾನು ಓದಿ ತಿಳಿದದ್ದಲ್ಲ, ಆಡಿ ತಿಳಿದದ್ದು. ಸಾವಿರದ ಒಂಬೈನೂರ ಮೂವತ್ತರ ಆ ದಶಕದಲ್ಲಿ ಸಿರಸಿ, ಸಿದ್ದಾಪುರ, ಯಲ್ಲಾಪುರದ ಕ್ಲಬ್ಬುಗಳಲ್ಲಿ ಹದಿನೆಂಟು ಮೊಳದ ಸೀರೆಗೆ ಕಚ್ಚೆ ಹಾಕಿ ಟೆನಿಸ್ ಆಡಿದವಳು ನಾನು. ಮೊದಮೊದಲು ಹವ್ಯಾಸಕ್ಕೆ, ಆಮೇಲೆ ಉದ್ಯೋಗಕ್ಕೆ. ಗೆದ್ದ ಕಪ್ಪುಗಳು ಈಗ ಕಪ್ಪಿಟ್ಟು ಕೂತಿವೆ. ಗೆಲ್ಲುವಾಗ ನಡೆದ ಎಡವಟ್ಟುಗಳು ಮಾತ್ರ ಇನ್ನೂ ಫಳಫಳ ಹೊಳೆಯುತ್ತಿವೆ.

೧. ಸುಮ್ಮನೆ ನಿಲ್ಲುವ ಕೆಲಸ

ಅಪ್ಪಯ್ಯ ಸಿರಸಿಯಲ್ಲಿ ವಕೀಲ. ಹಗಲಿನ ಕೋರ್ಟಿಗೆ ಕರಿ ಕೋಟು, ಸಂಜೆಯ ಕೋರ್ಟಿಗೆ ಬಿಳಿ ಚಡ್ಡಿ. ಎರಡೂ ಕೋರ್ಟಿನಲ್ಲಿ ಸೋಲುವುದೇ ಹೆಚ್ಚು ಎಂದು ನನ್ನ ತಾಯಿ, ಆಯಿ, ಹೇಳುತ್ತಿದ್ದಳು. ಅವನ ಹಳೆಯ ರ‍್ಯಾಕೆಟ್ಟು ನನ್ನ ಪಾಲಿಗೆ ಬಂದಿತ್ತು. ಅದನ್ನು ಹಿಡಿದು ನಾನು ಮನೆಯ ಹಿಂದಿನ ಗೋಡೆಗೆ ಎರಡು ವರ್ಷ ಚೆಂಡು ಹೊಡೆದಿದ್ದೆ. ಗೋಡೆಯ ಗಾರೆ ಉದುರಿತ್ತು, ನನ್ನ ಕೈ ಪಳಗಿತ್ತು.

ಒಂದು ಸಂಜೆ ಅಪ್ಪಯ್ಯನ ಜೊತೆ ಕ್ಲಬ್ಬಿಗೆ ಹೋಗಿದ್ದೆ. ಡಾಕ್ಟರು ಯಾವುದೋ ಹೆರಿಗೆಗೆ ಹೋಗಿದ್ದರಿಂದ ಜೋಡಿಯಾಟಕ್ಕೆ ಒಬ್ಬರು ಕಡಿಮೆಯಾದರು. ಅಪ್ಪಯ್ಯ ಮತ್ತು ಮುನಸೀಫರು ಒಂದು ಕಡೆ. ಇನ್ನೊಂದು ಕಡೆ ಧಾರವಾಡದಿಂದ ವರ್ಗವಾಗಿ ಬಂದಿದ್ದ ರೇಂಜರ್ ಸಾಹೇಬರು ಒಬ್ಬರೇ. ಅಪ್ಪಯ್ಯ ಮೆಲ್ಲಗೆ ನನ್ನನ್ನು ಮುಂದೆ ತಳ್ಳಿದ.

ರೇಂಜರರು ದೊಡ್ಡ ಮನಸ್ಸು ಮಾಡಿ ಅಂದರು, "ಬಾರವಾ. ನೀ ನೆಟ್ ಹತ್ರ ಸುಮ್ನ ನಿಂತಿರು. ಬರೋ ಚೆಂಡೆಲ್ಲಾ ನಾ ನೋಡ್ಕೋತೀನಿ."

ನಾನು ಸುಮ್ಮನೆ ನಿಂತೆ. ರೇಂಜರರು ಆ ಮೂಲೆಯಿಂದ ಈ ಮೂಲೆಗೆ ಓಡಿ ಬಂದ ಚೆಂಡುಗಳನ್ನೆಲ್ಲ ನೋಡಿಕೊಂಡರು. ನೋಡಿದ್ದಷ್ಟೇ, ಹೊಡೆದದ್ದು ಕಡಿಮೆ. ಮೂರು ಗೇಮು ಸೋತಾಗ ಅವರು ಸೊಂಟ ಹಿಡಿದು ಕೂತು ನೀರು ಕೇಳಿದರು. ನಾಲ್ಕನೆಯ ಗೇಮಿನಲ್ಲಿ ಮುನಸೀಫರ ಚೆಂಡೊಂದು ನೇರ ನನ್ನ ಮೂಗಿಗೇ ಬಂತು. ಮೂಗು ಉಳಿಸಿಕೊಳ್ಳಲು ಹೊಡೆದೆ. ಮುನಸೀಫರು ತಿರುಗಿ ನೋಡುವಷ್ಟರಲ್ಲಿ ಅದು ಬೇಲಿ ಮುಟ್ಟಿತ್ತು. ಆಮೇಲೆ ನನಗೆ ಸುಮ್ಮನಿರಲು ಆಗಲೇ ಇಲ್ಲ. ಆರು-ನಾಲ್ಕರಲ್ಲಿ ಗೆದ್ದೆವು. ಅಪ್ಪಯ್ಯ ಸೋತು ಅಷ್ಟು ನಕ್ಕಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಮಾರನೆಯ ದಿನ ರೇಂಜರರ ಜವಾನ ಚೀಟಿ ಹಿಡಿದು ನಮ್ಮ ಮನೆಗೆ ಬಂದ. ಚೀಟಿಯಲ್ಲಿ ಹೀಗೆ ಬರೆದಿತ್ತು: "ಇವತ್ತೂ ಮಗಳನ್ನ ಕಳಿಸ್ರಿ ವಕೀಲರ. ನಾನು ನೆಟ್ ಹತ್ರ ಸುಮ್ನ ನಿಂತಿರ್ತೀನಿ."

೨. ಎಡಗೈ ಸೌಜನ್ಯ

ಮರುವರ್ಷ ಸಿದ್ದಾಪುರದ ಕ್ಲಬ್ಬಿನವರು ಪಂದ್ಯ ಇಟ್ಟರು. ಹೆಂಗಸರ ವಿಭಾಗವಿರಲಿಲ್ಲ, ಯಾಕೆಂದರೆ ಹೆಂಗಸರೇ ಇರಲಿಲ್ಲ. ಹೆಂಗಸರು ಆಡಬಾರದು ಎಂದು ನಿಯಮದಲ್ಲಿ ಎಲ್ಲಿ ಬರೆದಿದೆ ತೋರಿಸಿ ಎಂದು ಅಪ್ಪಯ್ಯ ವಾದ ಹೂಡಿದ. ಅವನು ಗೆದ್ದ ಅಪರೂಪದ ವ್ಯಾಜ್ಯ ಅದು. ನನ್ನ ಹೆಸರು ಪಟ್ಟಿಗೆ ಸೇರಿತು.

ಮೊದಲ ಸುತ್ತಿಗೇ ನನಗೆ ಸಿಕ್ಕವರು ತಾಲೂಕಿನ ದೊಡ್ಡ ಅಧಿಕಾರಿ, ಮಾಮಲೇದಾರರು. ಸಾಹೇಬರಿಗೆ ಸಂಕಟ. "ಹೆಣ್ಣುಮಗಳ ಜೋಡಿ ಆಡಿ ಗೆದ್ದರ ಜನ ನಗ್ತಾರ. ಸೋತರಂತೂ ವರ್ಗಾ ಕೇಳಬೇಕಾಗ್ತದ," ಎಂದು ಪೇಚಾಡಿದರು. ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ಎಲ್ಲರಿಗೂ ಕೇಳುವಂತೆ ಘೋಷಿಸಿದರು, "ನಾ ಎಡಗೈಲೆ ಆಡ್ತೀನಿ. ಅದs ನ್ಯಾಯ."

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಹೊಡೆತ ನೇರವಾಗುತ್ತದೆ. ಮೊದಲ ಸೆಟ್ಟು ಆರು-ಒಂದು. ಮಾಮಲೇದಾರರು ಬೆವರೊರೆಸಿಕೊಂಡು ಅಂಪೈರ್ ಆಗಿ ಕೂತಿದ್ದ ಶಾಲಾ ಮಾಸ್ತರರ ಹತ್ತಿರ ಬಂದು, "ಸಾಕು, ಇನ್ನ ಬಲಗೈಲೆ ಆಡ್ತೀನಿ," ಎಂದರು. ಮಾಸ್ತರರು ಅದನ್ನು ಪಟ್ಟಿಯಲ್ಲಿ ಬರೆದುಕೊಂಡರು.

ಎರಡನೆಯ ಸೆಟ್ಟು ಆರು-ಸೊನ್ನೆ.

ಮಾಸ್ತರರು ಕುರ್ಚಿಯಿಂದ ಇಳಿದು, ಬಹಳ ವಿನಯದಿಂದ, ಕೈ ಮುಗಿದೇ ಹೇಳಿದರು: "ಸಾಹೇಬರೇ, ತಪ್ಪು ತಿಳೀಬೇಡಿ. ಎಡಗೈಯೇ ವಾಸಿ ಇತ್ತು."

೩. ಕೂತ ಮಾಣಿ

ಅಷ್ಟರಲ್ಲಿ ನಾನು ಧಾರವಾಡಕ್ಕೆ ಹೋಗಿ ಹೆಂಗಸರ ಕಪ್ಪು ಗೆದ್ದು ತಂದಿದ್ದೆ. ಮನೆಯಲ್ಲಿ ಅದನ್ನು ಕಂಡರಾಗದವಳು ಒಬ್ಬಳೇ, ಅಪ್ಪಯ್ಯನ ಅಕ್ಕ, ನಮ್ಮ ಜೊತೆಗೇ ಇದ್ದ ನನ್ನ ಅತ್ತೆ. ನಾನು ರ‍್ಯಾಕೆಟ್ಟು ಹಿಡಿದು ಹೊರಟರೆ ಸಾಕು, "ದೋಸೆ ಮೊಗಚೂ ವಯಸ್ಸಲ್ಲಿ ಚೆಂಡು ಮೊಗಚ್ತಾ ಇದ್ದು ಕೂಸು," ಎಂದು ಕೂಗುವಳು.

ಒಂದು ದಿನ ಹೆಗ್ಗರಣೆ ಕಡೆಯಿಂದ ನನ್ನನ್ನು ನೋಡಲು ಬಂದರು. ಗಂಡಿನ ಅಪ್ಪ ಮುಂದೆ, ಗಂಡು ಹಿಂದೆ. ಅವಲಕ್ಕಿ, ಚಾ ಆಯಿತು. ಗಂಡಿನ ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ಎಲ್ಲಾ ಒಪ್ಗೆ ಇದ್ದು. ಒಂದೇ ಮಾತು. ಆ ಚೆಂಡಿನ ಆಟ ಬಿಟ್ಬಿಡವು. ಮನೆತನದ ಹೆಂಗಸ್ರಿಗೆ ಅದು ಚೆಂದ ಅಲ್ಲ," ಎಂದರು.

ಅಪ್ಪಯ್ಯ ನೆಲ ನೋಡಿದ. ಆಯಿ ಅಪ್ಪಯ್ಯನನ್ನು ನೋಡಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಇಷ್ಟು ವರ್ಷದ ಆಟ ಒಂದು ಎಲೆಯಡಿಕೆ ಅಗಿಯುವಷ್ಟರಲ್ಲಿ ಮುಗಿದುಹೋಯಿತು ಅಂದುಕೊಂಡೆ.

ಆಗ ಅಡುಗೆಮನೆಯಿಂದ ಅತ್ತೆ ಹೊರಗೆ ಬಂದಳು. ಕೈಯಲ್ಲಿ ಸಟ್ಟುಗ.

"ನಮ್ಮ ಕೂಸು ಧಾರವಾಡದಲ್ಲಿ ಗೆದ್ದು ಬೈಂದು. ಸಿದ್ದಾಪುರದಲ್ಲಿ ಮಾಮಲೇದಾರನ್ನೇ ಸೋಲ್ಸಿದ್ದು. ನಿಮ್ಮ ಮಾಣಿ ಎಂತ ಗೆದ್ದಿದ್ದ?"

ಗಂಡಿನ ಅಪ್ಪ ತಡವರಿಸಿದರು. "ಅಂವ... ಅಂವ ಮೆಟ್ರಿಕ್ಕಿಗೆ ಮೂರು ಸಲ ಕೂತಿದ್ದ."

"ಕೂತಿದ್ದ ಸರಿ. ಎದ್ದನ?"

ಗಂಡು ಚಾ ಲೋಟದೊಳಗೆ ಮುಖ ಇಟ್ಟ.

"ಹಾಂಗಾದ್ರೆ ಆಗ್ತಿಲ್ಲೆ," ಎಂದಳು ಅತ್ತೆ. "ಓಡಾಡೂ ಕೂಸಿನ ಕೂತ ಮಾಣಿಗೆ ಕೊಡ್ತ್ವಿಲ್ಲೆ."

ಅವರು ಹೋದ ಮೇಲೆ ನಾನು ಓಡಿ ಬಂದು ಅತ್ತೆಯ ಕಾಲು ಹಿಡಿದೆ. "ಅತ್ತೇ, ನಿಂಗೆ ನನ್ನ ಆಟ ಕಂಡ್ರಾಗ್ತಿತ್ತಿಲ್ಲೆ ಅಲ್ದಾ?"

"ಈಗ್ಲೂ ಆಗ್ತಿಲ್ಲೆ. ಬಯ್ಯೂದಿದ್ರೆ ಮನೆಯವ್ಳು ಆನು ಬಯ್ಯವು. ಹೆಗ್ಗರಣೆಯವ್ಕೆ ಎಂತಕ್ಕೆ ಆ ಉಸಾಬರಿ?"

೪. ಅಪ್ಪಟ ಸೋಲು

ಒಂದು ಬೇಸಿಗೆ, ಬಯಲುಸೀಮೆಯ ಸಣ್ಣ ಸಂಸ್ಥಾನವೊಂದರ ರಾಣಿಸಾಹೇಬರು ತಂಪು ಹವೆಗೆಂದು ಸಿರಸಿಗೆ ಬಂದು ಬಂಗಲೆಯಲ್ಲಿ ಇಳಿದರು. ಅವರಿಗೆ ಟೆನಿಸ್ಸಿನ ಹುಚ್ಚು. ತಮ್ಮ ಊರಿನಲ್ಲಿ ಅವರು ಒಮ್ಮೆಯೂ ಸೋತವರಲ್ಲವಂತೆ. ನನ್ನ ವಿಷಯ ಕೇಳಿ ಆಟಕ್ಕೆ ಕರೆಸಿದರು.

ನಾನು ಹೋಗಿ ಆಡಿದೆ, ಎಲ್ಲರ ಜೊತೆ ಆಡುವ ಹಾಗೆಯೇ ಆಡಿದೆ. ಆರು-ಸೊನ್ನೆ ಆಯಿತು. ಸುತ್ತ ನಿಂತ ಪರಿವಾರದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ದಿವಾನರು ಮರೆಗೆ ಬಂದು ನನ್ನ ಕಿವಿಯಲ್ಲಿ, "ಏನು ಅನಾಹುತ ಮಾಡಿದ್ರಿ ತಾಯಿ! ನಾವು ಎಂಟು ವರ್ಷ ಕಷ್ಟಪಟ್ಟು ಸೋತೇವಿ," ಎಂದು ಪಿಸುಗುಟ್ಟಿದರು.

ರಾಣಿಸಾಹೇಬರು ಹತ್ತಿರ ಬಂದರು. ಶಿಕ್ಷೆ ಏನಿರಬಹುದೆಂದು ನಾನು ಯೋಚಿಸುತ್ತಿದ್ದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಇಂದs ಮೊದಲ ಸಲ ನಾನು ಟೆನಿಸ್ ಆಡಿದಂಗಾತು. ನಾಳಿಂದ ನೀನs ನನ್ನ ಮಾಸ್ತರು, ಸಂಬಳಕ್ಕ," ಎಂದರು.

ನಾನು ಉದ್ಯೋಗಸ್ಥೆಯಾದದ್ದು ಹೀಗೆ. ಸಂಬಳ ಪಡೆದವರು ಮುಂದೆ ಕಪ್ಪಿನ ಪಂದ್ಯಗಳಲ್ಲಿ ಆಡುವಂತಿಲ್ಲ ಎಂಬ ನಿಯಮ ಆಗ ಇತ್ತು. ಒಂದು ಕ್ಷಣ ಅಳುಕಿದೆ. ಆದರೆ ಇಷ್ಟಪಟ್ಟ ಕೆಲಸವೇ ಅನ್ನ ಕೊಡುತ್ತೇನೆ ಎಂದು ಬಾಗಿಲಿಗೆ ಬಂದಾಗ ಬೇಡ ಅನ್ನುವುದು ಹೇಗೆ? ಒಪ್ಪಿದೆ.

ರಾಣಿಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಪರಿವಾರದ ಕಡೆ ತಿರುಗಿ, "ಹಂಗಾರ ಇಷ್ಟು ವರ್ಷ ನೀವೆಲ್ಲಾ ಬೇಕಂತನs ಸೋತೀರಿ?" ಎಂದು ಗುಡುಗಿದರು. ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

ದಿವಾನರು ಮಾತ್ರ ಮುಂದೆ ಬಂದು ಎದೆ ಮುಟ್ಟಿಕೊಂಡರು. "ಇವರದೆಲ್ಲಾ ನಾಟಕ, ರಾಣಿಸಾಹೇಬ್ರ. ನನ್ನ ಸೋಲು ಅಪ್ಪಟ."

೫. ಯಲ್ಲಾಪುರದ ತಂಟೆ

ಬೇಸಿಗೆ ಮುಗಿದು ರಾಣಿಸಾಹೇಬರು ತಮ್ಮ ಊರಿಗೆ ಮರಳಿದ ಮೇಲೆ ನಮ್ಮ ಮೂರೂ ಊರಿನ ಕ್ಲಬ್ಬಿನವರು ಸೇರಿ, ಅಧಿಕಾರಿಗಳ ಮನೆಯ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಆಟ ಕಲಿಸಲು ಒಬ್ಬರನ್ನು ನೇಮಿಸುವುದೆಂದು ನಿರ್ಧರಿಸಿದರು. ನಾನು ಅರ್ಜಿ ಹಾಕಿದೆ. ಬೊಂಬಾಯಿಯಿಂದ ಒಬ್ಬ ಟೆನಿಸ್ ಮಾಸ್ತರನೂ ಅರ್ಜಿ ಹಾಕಿದ. ಕಲಿಸಲು ಗಂಡಸೇ ಬೇಕೆಂದು ಅರ್ಧ ಜನ, ಹೆಂಗಸರಿಗೆ ಹೆಂಗಸೇ ಸರಿ ಎಂದು ಅರ್ಧ ಜನ. ಮಾತು ಬಗೆಹರಿಯದೆ ಯಲ್ಲಾಪುರದ ಕ್ಲಬ್ಬಿನ ಕಾರ್ಯದರ್ಶಿಗಳು ತೀರ್ಪು ಕೊಟ್ಟರು: ಇಬ್ಬರೂ ಆಡಲಿ, ಗೆದ್ದವರಿಗೆ ಕೆಲಸ.

ಊರಿನವರೂ ನೋಡಲಿ ಎಂದು ಅವರು ಡಂಗುರದವನಿಗೆ ಹೇಳಿ ಕಳಿಸಿದರು. ಟೆನಿಸ್ ಎಂಬ ಶಬ್ದ ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಕೇಳಿದವನಲ್ಲ. ಅವನ ಕಿವಿಗೆ ಅದು 'ತಂಟೆ' ಎಂದು ಬಿತ್ತು. ಸಂತೆಯ ದಿನ ಡೋಲು ಬಡಿದು ಸಾರಿಯೇ ಬಿಟ್ಟ: "ಕೇಳ್ರಪ್ಪೋ ಕೇಳಿ! ನಾಳೆ ಸಂಜೆ ಕ್ಲಬ್ಬಿನ ಬಯಲಲ್ಲಿ ಸಿರಸಿ ವಕೀಲರ ಮಗಳಿಗೂ ಬೊಂಬಾಯಿ ಸಾಹೇಬನಿಗೂ ತಂಟೆ! ಎಲ್ಲರೂ ಬಂದು ನೋಡಬೇಕು!"

ನನಗೆ ಇದೊಂದೂ ಗೊತ್ತಿಲ್ಲ. ಸಿರಸಿಯಿಂದ ಸರ್ವೀಸ್ ಮೋಟಾರು ಹತ್ತಿದರೆ ಮೋಟಾರು ಓಡಿಸುವ ಸಾಬರು ಕಾಳಜಿಯಿಂದ ಕೇಳಿದರು, "ಬಾಯೀ, ಒಬ್ಬರೇ ಹೊರಟೀರಲ್ಲ? ಪೊಲೀಸಿಗೆ ತಿಳಿಸೀರಾ?"

"ಆಟಕ್ಕೆ ಪೊಲೀಸ್ ಯಾಕೆ ಸಾಬರೇ?"

"ನೀವು ಆಟ ಅಂತೀರಿ, ದೊಡ್ಡ ಮನಸ್ಸು," ಎಂದು ಅವರು ನಿಟ್ಟುಸಿರು ಬಿಟ್ಟರು.

ಯಲ್ಲಾಪುರದಲ್ಲಿ ಇಳಿದರೆ ಬಯಲು ತುಂಬ ಜನ, ಮರದ ಮೇಲೂ ಜನ. ಎಲ್ಲರಿಗಿಂತ ಮುಂದೆ, ವಜ್ರಳ್ಳಿಯಿಂದ ನಡೆದು ಬಂದ ಒಬ್ಬ ಅಜ್ಜ, ಎಲೆಯಡಿಕೆಯ ಕವಳದ ಚೀಲ ಬಿಚ್ಚಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದ.

ಬೊಂಬಾಯಿ ಮಾಸ್ತರ ಆರಡಿ ಎತ್ತರ, ಇಸ್ತ್ರಿ ಮಾಡಿದ ಪ್ಯಾಂಟು, ಕಂಕುಳಲ್ಲಿ ಮೂರು ರ‍್ಯಾಕೆಟ್ಟು. ಅಷ್ಟು ಜನರ ಕಣ್ಣೆದುರು ನನ್ನ ಚೆಂಡುಗಳೆಲ್ಲ ಗೆರೆ ದಾಟಿ ಹೋದವು. ಮೊದಲ ಸೆಟ್ಟು ಆರು-ಮೂರರಲ್ಲಿ ಹೋಯಿತು. ಕೆಲಸವೂ ಹೋಯಿತು ಎಂದು ಎಣಿಸಿದೆ. ಆಗ ಒಂದು ವಿಷಯ ಕಂಡಿತು. ಅವನು ಆಡಿ ಬೆಳೆದದ್ದು ಹುಲ್ಲಿನ ಮೇಲೆ. ನಮ್ಮ ಸಗಣಿ ಸಾರಿಸಿದ ಕೆಂಪು ನೆಲದ ಗುಣ ಅವನಿಗೆ ಗೊತ್ತಿಲ್ಲ. ಚೆಂಡನ್ನು ನೆಟ್ಟಿನ ಪಕ್ಕಕ್ಕೇ ಮೆಲ್ಲಗೆ ಇಳಿಸಿದೆ. ಅವನು ಓಡಿ ಬಂದ. ಮುಂದಿನದನ್ನು ಅವನ ತಲೆಯ ಮೇಲಿಂದ ಹಿಂದಿನ ಗೆರೆಗೆ ಕಳಿಸಿದೆ. ಅವನು ಹಿಂದಕ್ಕೆ ಓಡಿದ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಎರಡನೆಯ ಸೆಟ್ಟು ನನ್ನದಾಯಿತು. ಮೂರನೆಯದರ ಕೊನೆಗೆ ಅವನ ಬಿಳಿ ಪ್ಯಾಂಟು ಪೂರಾ ಕೆಂಪಾಗಿತ್ತು. ಕಡೆಯ ಚೆಂಡಿಗೆ ಜಾರಿ ನೆಲದ ಮೇಲೇ ಕೂತುಬಿಟ್ಟ. ಬಯಲು ಹೋ ಎಂದಿತು.

ಅವನು ಒಳ್ಳೆಯ ಮನುಷ್ಯ. ಎದ್ದು ಬಂದು ನನ್ನ ಕೈ ಕುಲುಕಿ, "ಇವರು ಇಲ್ಲಿರುವಾಗ ನನ್ನನ್ನು ಯಾಕೆ ಕರೆಸಿದಿರಿ?" ಎಂದು ಕಾರ್ಯದರ್ಶಿಗಳನ್ನೇ ಕೇಳಿದ. ಅಲ್ಲೇ ನಿಂತ ನಿಲುವಿನಲ್ಲಿ ನನ್ನ ನೇಮಕ ಆಯಿತು. ಮೂರು ತಾಲೂಕಿನ ಹೆಂಗಸರಿಗೆ ನಾನು ಟೆನಿಸ್ ಮಾಸ್ತರಳು! ಖುಷಿಗೆ ಕಾಲು ನೆಲ ಮುಟ್ಟುತ್ತಿರಲಿಲ್ಲ.

ಆಗ ವಜ್ರಳ್ಳಿಯ ಅಜ್ಜ ಕೋಲೂರಿಕೊಂಡು ನನ್ನ ಹತ್ತಿರ ಬಂದ. ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದ ಮಾಸ್ತರನನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ:

"ತಂಗೀ, ಅಂವ ನಿಂಗೆ ಎಂತ ಮಾಡಿದ್ದ?"

"ಎಂತೂ ಮಾಡಿದ್ನಿಲ್ಲೆ ಅಜ್ಜ. ಪಾಪ, ಒಳ್ಳೆ ಮನುಷ್ಯ."

ಅಜ್ಜ ಎರಡು ಹೆಜ್ಜೆ ಹಿಂದೆ ಸರಿದ.

"ಎಂತೂ ಮಾಡದೇ ಇದ್ದಂವಂಗೇ ಈ ಗತಿಯ? ಎಂತಾರೂ ಮಾಡಿದ್ರೆ ಅಂವ ಜೀವಸಹಿತ ಬೊಂಬಾಯಿ ಕಾಣ್ತಿದ್ನನೇ ಮಾರಾಯ್ತಿ!"