ಗುರುಗಳ ಕೈಮೇಲಿನ ನೇರಳೆ ಕಲೆಗಳು

ಮೂವತ್ತು ವರ್ಷ ಸಲಾತಿಗ ಊರಿನ ಹುಡುಗರಿಗೆ ಸಿಲಾಟ್ ಹೊಡೆದಾಟದ ವಿದ್ಯೆ ಕಲಿಸಿದ ಪರ್ತೊಮೊ ಗುರುಗಳು ಹೆಂಡತಿಯ ಕೈಲಿ ಏಟು ತಿನ್ನುತ್ತಿದ್ದಾರೆಂಬ ಸುದ್ದಿ ಗಲ್ಲಿಯ ಬಾಯಿಗೆ ಬಿದ್ದದ್ದು ಒಂದು ಸೋಮವಾರ.

ಪುರಾವೆ ಅವರ ಕೈಮೇಲೆಯೇ ಇತ್ತು. ಮೂರು ತಿಂಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಂದಿನಿಂದ, ರಕ್ತ ಹೆಪ್ಪುಗಟ್ಟದಂತೆ ದಿನಾ ಎರಡು ಮಾತ್ರೆ ನುಂಗುತ್ತಿದ್ದರು. ಬಾಗಿಲ ಚಿಲಕ ತಾಗಿದರೂ ಸಾಕು, ತೋಳಿನ ಮೇಲೆ ನೇರಳೆ ಬಣ್ಣದ ಕಲೆ ಏಳುತ್ತಿತ್ತು. ಹೆಂಡತಿ ಸುಮಿನಾಹ್ ಬೀದಿಬೀದಿ ಜಾಮು ಕಷಾಯ ಮಾರುವವಳು. ಐದಡಿಗೆ ಒಂದು ಗೇಣು ಕಮ್ಮಿ. (ಧ್ವನಿಯನ್ನು ಮಾತ್ರ ದೇವರು ಆರೂವರೆ ಅಡಿಯ ಯಾರಿಗೋ ಮಾಡಿಟ್ಟು, ಮರೆತು ಇವಳಿಗೆ ಕೊಟ್ಟಿದ್ದ.)

ಪಕ್ಕದ ಮನೆಯ ಯಾತ್ಮಿ ಕರಿದ ತೆಂಪೆ ಸೋಯಾ ಬಿಲ್ಲೆಗಳ ತಟ್ಟೆ ಹಿಡಿದು ಬಂದಳು. "ಹೇಳ್ಕೊಳ್ಳಿ ಗುರುಗಳೇ, ನಾಚ್ಕೋಬೇಡಿ. ನಮ್ಮನೆಯವರೂ ಮೊದಮೊದಲು ಬಾಗಿಲು ತಾಗ್ತು ಅಂತಲೇ ಹೇಳ್ತಿದ್ರು."

ಗುರುಗಳ ಮಾನ ಮೂರಾಬಟ್ಟೆಯಾಯಿತು. ಎದೆ ಒಡೆದರೂ ಮಾನ ಒಡೆಯಬಾರದೆಂದು ನಿಶ್ಚಯಿಸಿ, ಮರುದಿನದಿಂದ ಮಾತ್ರೆಗಳನ್ನು ಕೆನ್ನೆಯೊಳಗೆ ಅಡಗಿಸಿಟ್ಟುಕೊಂಡು ದಾಸವಾಳದ ಕುಂಡಕ್ಕೆ ಉಗುಳತೊಡಗಿದರು. ಎರಡನೆಯ ದಿನವೇ ನೀರು ಹಾಕಲು ಬಂದ ಸುಮಿನಾಹ್ ನೋಡಿಬಿಟ್ಟಳು.

"ದಾಸವಾಳಕ್ಕೂ ಹಾರ್ಟ್ ಅಟ್ಯಾಕ್ ಆಗಿತ್ತಾ? ನಂಗೆ ಹೇಳ್ಲೇ ಇಲ್ವಲ್ರೀ."

"ಅದೂ... ಕಲೆ ಹೋಗ್ಲಿ ಅಂತ..."

"ಆಸ್ಪತ್ರೆ ಬೆಂಚಿನ ಮೇಲೆ ಜೀವ ಕೈಲಿ ಹಿಡ್ಕೊಂಡು ಕೂತಿದ್ದೋಳು ನಾನು," ಎಂದಳು. ಆ ಧ್ವನಿ ಮೊದಲ ಸಲ ಅವಳ ಎತ್ತರಕ್ಕೆ ಸರಿಯಾಗಿತ್ತು. ಗುರುಗಳು ತೆಪ್ಪಗೆ ಅಂಗಿ ತೊಟ್ಟು ಅವಳ ಹಿಂದೆ ಹೊರಟರು.

ಡಾಕ್ಟರ್ ವುಲಾನ್ ತೋಳು ತಿರುಗಿಸಿ ನೋಡಿದರು. "ಸ್ಟೆಂಟ್ ಇನ್ನೂ ಹೊಸದು. ಮಾತ್ರೆ ಬಿಟ್ರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಕಲೆ ಬಿದ್ರೆ ನನಗೆ ಹೇಳ್ಬೇಕು, ಗಿಡಕ್ಕಲ್ಲ. ಆದ್ರೂ ಇಷ್ಟೊಂದು ಯಾಕೆ? ಬೇರೆ ಏನಾದ್ರೂ ತಗೋತೀರಾ?"

"ನನ್ನ ಕಷಾಯ ನೀವು ಬೇಡ ಅಂದ ದಿನಾನೇ ನಿಲ್ಸಿದೀನಿ," ಎಂದಳು ಸುಮಿನಾಹ್.

ಗುರುಗಳು ಸೂರಿನ ಹಲ್ಲಿಯನ್ನು ಅಧ್ಯಯನ ಮಾಡುತ್ತಿದ್ದರು. ಕೊನೆಗೆ ಬಾಯಿಬಿಟ್ಟರು: ಮಂಡಿನೋವಿಗೆ ಗೂಡಂಗಡಿಯ ನೋವಿನ ಪುಡಿ, ದಿನಕ್ಕೆರಡು ಪೊಟ್ಟಣ, ಗುಟ್ಟಾಗಿ.

"ಈ ಮಾತ್ರೆ ಜೊತೆ ಆ ಪುಡಿ ಸೇರಿದ್ರೆ ಹೊಟ್ಟೆಯೊಳಗೇ ರಕ್ತ ಸೋರಬಹುದು. ಇವತ್ತಿಂದ ಪುಡಿ ಬಂದ್, ಮಾತ್ರೆ ಖಾಯಂ. ಮಂಡಿಗೆ ವ್ಯಾಯಾಮ: ಕುರ್ಚಿಯಿಂದ ಹತ್ತು ಸಲ ಎದ್ದು ಕೂರೋದು. ನೀವು ಎಣಿಸಿ ಅಮ್ಮ."

ಅಂದೇ ಸಂಜೆ ಶುರುವಾಯಿತು. ಪುಡಿಯಿಲ್ಲದ ಮಂಡಿ ಕಟಕಟ ಎಂದಿತು.

"ಒಂದು," ಎಂದಳು ಸುಮಿನಾಹ್, ಪೂರ್ತಿ ಆರೂವರೆ ಅಡಿಯಲ್ಲಿ.

"ಅಯ್ಯಯ್ಯೋ, ಸತ್ತೆ."

"ಎರಡು. ಬಾಯ್ಮುಚ್ಕೊಂಡು ತಗೊಳ್ಳಿ."

ಎಣಿಕೆ ಆರಕ್ಕೆ ಬರುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಗಲ್ಲಿಯ ಮುಖ್ಯಸ್ಥರು ನಾಲ್ವರು ಹಿರಿಯರನ್ನು ಕಟ್ಟಿಕೊಂಡು ಬಂದಿದ್ದರು; ಹಿಂದೆ ಯಾತ್ಮಿ. ಗುರುಗಳು ಬೆವರಿಳಿಸುತ್ತ ಕುರ್ಚಿಯ ಕೈಗೆ ಜೋತುಬಿದ್ದಿದ್ದರು.

"ಸುಮಿನಾಹಕ್ಕ, ಆರಾಯ್ತು. ವಯಸ್ಸಾದವರು, ಇವತ್ತಿಗೆ ಸಾಕು ಬಿಡಿ," ಎಂದರು ಮುಖ್ಯಸ್ಥರು ಕೈಮುಗಿದು.

"ಅದ್ಹೆಂಗಾಗುತ್ತೆ? ದಿನಾ ಹತ್ತು ಕೊಡ್ಬೇಕು ಅಂತ ಡಾಕ್ಟ್ರೇ ಹೇಳಿದಾರೆ."

ಹಿರಿಯರು ಮುಖ ಮುಖ ನೋಡಿಕೊಂಡರು. ಗುರುಗಳು ವಿವರಿಸಲು ಬಾಯ್ತೆರೆದರು, ಉಸಿರು ಸಿಗಲಿಲ್ಲ.

ಯಾತ್ಮಿ ಎಲ್ಲರನ್ನೂ ಸರಿಸಿ ಮುಂದೆ ಬಂದಳು. "ಯಾವ ಡಾಕ್ಟ್ರು ಅಕ್ಕಾ? ನಮ್ಮನೆಯವರನ್ನೂ ಒಂದ್ಸಲ ತೋರಿಸ್ಬೇಕು."