ಗುಡುಗಾಸುರನ ಕೆಂಪು ಗೆರೆ

ಯುಗಾದಿಯ ಬೇವು-ಬೆಲ್ಲ ಇನ್ನೂ ನಾಲಿಗೆಯ ಮೇಲಿರುವಾಗಲೇ ಗುಂಡ್ಲುಪೇಟೆಯ ಶಂಕರ ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತು ಘೋಷಿಸಿಬಿಟ್ಟ: "ಇವತ್ತಿಂದ ಒಂದು ವರ್ಷ ಸಂಬಳವಿಲ್ಲದ ರಜೆ! ಚಾಮರಾಜನಗರದ ಬಸ್ಸಿಲ್ಲ, ಆಫೀಸಿಲ್ಲ, ಫೈಲಿಲ್ಲ. ಮುಂದಿನ ಯುಗಾದಿಗೆ ಗುಡುಗಾಸುರನ ಎರಡನೇ ಸಂಪುಟ ಲೋಕಾರ್ಪಣೆ!"

ಗುಡುಗಾಸುರ ಶಂಕರನ ಸ್ವಂತ ರಾಕ್ಷಸ. 'ಗುಡುಗಾಸುರನ ಸೀಮೆ' ಎಂಬ ಮಾಯಾಲೋಕದ ಕಾದಂಬರಿಯ ಮೊದಲ ಸಂಪುಟವನ್ನು ಬರೆದವನೂ ಅವನೇ, ಅಚ್ಚು ಹಾಕಿಸಿದವನೂ ಅವನೇ, ಬೆನ್ನುಡಿಯಲ್ಲಿ 'ಕನ್ನಡದ ಭಾಗ್ಯ' ಎಂದು ಹೊಗಳಿದವನೂ ಅವನೇ. ಪ್ರಕಾಶನಕ್ಕೆ ಮಾತ್ರ ಹೆಂಡತಿಯ ಹೆಸರಿಟ್ಟಿದ್ದ. ಮನೆಯಲ್ಲಿ ಶಾಂತಿ ಬೇಕಲ್ಲ! ಅಲ್ಲಿಂದಾಚೆಗೆ ಮದುವೆ, ಗೃಹಪ್ರವೇಶ, ನಾಮಕರಣ, ಯಾವುದಕ್ಕೆ ಹೋದರೂ ಅವನ ಉಡುಗೊರೆ ಅದೊಂದೇ. ಜನ ಅವನನ್ನು ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು.

ಹೆಂಡತಿ, ಸ್ಕೂಲ್ ಟೀಚರ್ ಕುಮಾರಿ, ಒಬ್ಬಟ್ಟು ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಅಲ್ಲಿ ಕುರ್ಚಿ ಮೇಲೆ ನಿದ್ದೆ ಮಾಡ್ತಿದ್ರಿ, ಇನ್ಮೇಲೆ ಮಂಚದ ಮೇಲೆ. ಅಷ್ಟೇ ತಾನೇ?"

"ಇದು ತಪಸ್ಸು ಕಣೇ!"

"ತಪಸ್ಸು ಮಾಡೋರು ಊಟ ಬುಡ್ತಾರೆ ಕಣ್ರೀ. ನೀವು ಇನ್ನೊಂದು ಒಬ್ಬಟ್ಟು ಕೇಳ್ತಿದ್ದೀರಿ."

ತಪಸ್ಸು ಶುರುವಾಯಿತು. ಬೆಳಿಗ್ಗೆ ಟೀ ಅಂಗಡಿಯಲ್ಲಿ 'ಪಾತ್ರಗಳ ಅಧ್ಯಯನ'. ಮಧ್ಯಾಹ್ನ ಫ್ಯಾನಿನಡಿಯಲ್ಲಿ 'ಕಥೆಯ ಧ್ಯಾನ'. ಈ ಧ್ಯಾನದ ಗೊರಕೆ ಪಕ್ಕದ ಮನೆಗೂ ಕೇಳಿಸುತ್ತಿತ್ತು. ಸಂಜೆ ಹಂಗಳದ ಕಡೆ ಬೈಕಿನಲ್ಲಿ ಹೋಗಿ ಬೆಟ್ಟ ನೋಡುವುದು. ಹೀಗೆ ಬೆಟ್ಟ ನೋಡಲು ಹೋದಾಗಲೇ ಅವನು ವರ್ಷದ ಒಂದೇ ಒಂದು ಉಪಯೋಗದ ಕೆಲಸ ಮಾಡಿದ್ದು: ನಾದಿನಿ ಶಿವರಂಜಿನಿಗೆ ಹಂಗಳದಲ್ಲಿ ಗಂಡು ಗೊತ್ತು ಮಾಡಿದ. ಹುಡುಗ ಸುನೀಲ್ ಕುಮಾರ್, ಬಂಡೀಪುರದ ಪಕ್ಕದ ಮದ್ದೂರಿನ ಕಡೆ ಕಾಡೊಳಗಿನ ಕ್ಯಾಂಪಿನಲ್ಲಿ ಫಾರೆಸ್ಟ್ ವಾಚರ್. ಹೆಣ್ಣು ನೋಡಲು ಬಂದ ದಿನ, ಕಾಫಿಗೆ ಮುಂಚೆಯೇ ಅವನ ಕೈಗೆ ಮೊದಲ ಸಂಪುಟ ತುರುಕಿದ್ದಾಯಿತು. ಪಾಪ, ಹುಡುಗ ಹೆಣ್ಣಿನ ಮುಖ ನೋಡುವ ಮೊದಲು ರಾಕ್ಷಸನ ಮುಖ ನೋಡಿದ! ಆದರೂ ಒಪ್ಪಿದ.

ದೀಪಾವಳಿ ಕಳೆಯಿತು. ಎರಡನೇ ಸಂಪುಟದ ಒಂದಕ್ಷರವೂ ಹುಟ್ಟಿರಲಿಲ್ಲ. ಆದರೆ ನಕ್ಷೆಯೊಂದು ಸಿದ್ಧವಾಗಿತ್ತು. ಮಾಯಾಲೋಕದ ಕಾದಂಬರಿಗೆ ನಕ್ಷೆ ಬೇಡವೇ! ಶಂಕರನಿಗೆ ಗೊತ್ತಿದ್ದ ಲೋಕ ಬಸ್ಸಿನ ಕಿಟಕಿಯಿಂದ ಕಂಡಷ್ಟೇ. ಹಾಗಾಗಿ ಗುಡುಗಾಸುರನ ರಾಜ್ಯವೂ ಹಂಗಳ, ಮದ್ದೂರು, ಬಂಡೀಪುರದ ಆಕಾರದಲ್ಲೇ ಮೂಡಿಬಂತು. ಮರೆಯದಿರಲೆಂದು ಆ ಹೆಸರುಗಳನ್ನೂ ಸಣ್ಣಗೆ ಬರೆದುಕೊಂಡಿದ್ದ, ಆಮೇಲೆ ಅಳಿಸಿದರಾಯಿತೆಂದು. ನಡುವೆ ಒಂದು ಕೆರೆ, ಸುತ್ತಲೂ ದಪ್ಪ ಕೆಂಪು ಗೆರೆ. ಮೂಲೆಯಲ್ಲಿ ರಾಕ್ಷಸನ ದುಂಡು ಮೊಹರು. ಅದರ ಕೆಳಗೆ ಅವನ ಶಾಸನ: 'ಈ ಗೆರೆಯ ಒಳಗೆ ಮನುಷ್ಯರ ವಾಸ ನಿಷಿದ್ಧ. ಸೂರ್ಯ ಮುಳುಗಿದ ಮೇಲೆ ಗಾಡಿಗಳ ಸಂಚಾರವಿಲ್ಲ. ಮೀರಿದವರಿಗೆ ದಂಡನೆ. ಅಪ್ಪಣೆ ಮೇರೆಗೆ.'

ಬೇರೆ ಯಾವ ಊರಲ್ಲಾದರೂ ಇದನ್ನು ಓದಿದವರು ಕಥೆ ಅನ್ನುತ್ತಿದ್ದರು. ಕಾಡಂಚಿನ ನಮ್ಮ ಕಡೆ ಇದನ್ನು ಸರ್ಕಾರಿ ನೋಟಿಸ್ ಅನ್ನುತ್ತಾರೆ!

ನಕ್ಷೆಯನ್ನು ದೊಡ್ಡದು ಮಾಡಿಸಲು ಶಂಕರ ಲಿಯಾಕತ್ ಅಲಿಯ ಜೆರಾಕ್ಸ್ ಅಂಗಡಿಗೆ ಹೋದ. ಪ್ರತಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಚಕ್ರವರ್ತಿಯಂತೆ ಮನೆಗೆ ಬಂದ. ಒರಿಜಿನಲ್ ಮಾತ್ರ ಮೆಷಿನ್ನಿನ ಮುಚ್ಚಳದಡಿಯಲ್ಲೇ ಉಳಿಯಿತು. ಮುಂದಿನ ಗಿರಾಕಿ ಪಹಣಿ ಜೆರಾಕ್ಸ್ ಮಾಡಿಸಲು ಬಂದ ರೈತ. ಮುಚ್ಚಳ ಎತ್ತಿದರೆ ಕೆಂಪು ಗೆರೆ! ಫೋಟೋ ತೆಗೆದ, ವಾಟ್ಸಾಪಿಗೆ ಬಿಟ್ಟ.

ಮಾರನೆಯ ಬೆಳಿಗ್ಗೆ ಮಾವ ಮಹದೇವಯ್ಯ ಬಾಗಿಲಲ್ಲಿ. ಕೈಯಲ್ಲಿ ಫೋನು, ಮುಖದಲ್ಲಿ ಬಿರುಗಾಳಿ. ಹಿಂದೆ ಕಣ್ಣು ಕೆಂಪು ಮಾಡಿಕೊಂಡ ಶಿವರಂಜಿನಿ.

"ಅಳಿಯಂದ್ರ, ಹಂಗಳದ ಸಂಬಂಧ ಬ್ಯಾಡ ಕಣ, ಬುಟ್ಬುಡಿ. ನೋಡಿ ಇಲ್ಲಿ! ಗೆರೆ ಅವರ ಹಿತ್ತಲಲ್ಲೇ ಹೋಗಿದೆ. ಒಳಗಿರೋರ್ನೆಲ್ಲ ಎತ್ತಂಗಡಿ ಮಾಡ್ತರಂತೆ. ನಾಳೆ ಮನೆನೇ ಇಲ್ದೋರಿಗೆ ಮಗಳ್ನ ಹೆಂಗ ಕೊಡದು?"

ಶಂಕರ ಇಣುಕಿದ. ತನ್ನದೇ ನಕ್ಷೆ! ಅದರ ತಲೆಯ ಮೇಲೆ 'ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ' ಎಂಬ ಕಿರೀಟ! ನಾದಿನಿಯ ಕಣ್ಣೀರಿಗೆ ಮರುಗಬೇಕಾದವನು ಎದೆ ಉಬ್ಬಿಸಿ ಕೇಳಿದ: "ಹೆಂಗದೆ ಮಾವ, ಕೆಲಸ?"

"ಯಾರೋ ಬಲು ದೊಡ್ಡ ಆಫೀಸರು ಬರ್ದಿರಬೇಕು. ಏನ್ ನೀಟು!"

"ನಾನೇ ಮಾವ! ಇದು ನನ್ನ ಗುಡುಗಾಸುರನ ರಾಜ್ಯ!"

ಮಹದೇವಯ್ಯ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ತಂದ ಸಂಬಂಧ ಉಳಿಸ್ಕೊಳಕ್ಕೆ ಹಿಂಗ ಸುಳ್ಳು ಹೇಳದ?"

ಶಂಕರ ಜೆರಾಕ್ಸ್ ಪ್ರತಿ ಬಿಚ್ಚಿದರೆ, "ಇದು ಈಗ ಎಲ್ಲರ ತಾವೂ ಅದೆ," ಅಂದರು ಮಾವ. ಶಂಕರ ಮೊದಲ ಸಂಪುಟ ತಂದು ತೋರಿಸಿದ. "ಇದರಲ್ಲೇ ಇರೋ ರಾಕ್ಷಸ ಮಾವ!"

"ಬರ್ದೋರೇ ಸಾಕ್ಷಿ ಹೇಳುದ್ರೆ ನಡೆದದಾ? ಓದಿರೋರು ಒಬ್ರು ಇದ್ರೆ ಕರ್ಕಬನ್ನಿ, ಒಪ್ಕತೀನಿ."

ಒಬ್ಬರು! ಶಂಕರ ನಕ್ಕುಬಿಟ್ಟ. ಹೆಂಡತಿಯತ್ತ ತಿರುಗಿದ. "ಕುಮಾರಿ, ಹೇಳೇ!"

"ನಾನು ಮೊದಲ್ನೇ ಪುಟ ಓದಿದ್ದೀನಪ್ಪ," ಅಂದಳು ಕುಮಾರಿ.

"ಅದರಲ್ಲಿ ಇರೋದು 'ಕುಮಾರಿಗೆ ಅರ್ಪಣೆ' ಅಂತ ಮಾತ್ರ!"

"ಅದಕ್ಕೇ ಓದಿದ್ದು."

ಶಂಕರ ಲಿಯಾಕತ್ ಅಲಿಯ ಅಂಗಡಿಗೆ ಓಡಿದ. "ಶಂಕರಣ್ಣ, ಕವರ್ ಬಹಳ ಚೆನ್ನಾಗದೆ. ಬೈಂಡಿಂಗೂ ಗಟ್ಟಿ," ಅಂದ ಲಿಯಾಕತ್. ಅಷ್ಟಕ್ಕೇ ನಿಲ್ಲಿಸಿದ. ಶಂಕರ ಆಫೀಸಿನ ಗೆಳೆಯ ಮಹಾಲಿಂಗನಿಗೆ ಫೋನ್ ಹಚ್ಚಿದ. ಬಿಡುಗಡೆಯ ದಿನ 'ಅದ್ಭುತ' ಎಂದು ಭಾಷಣ ಮಾಡಿದವನು ಇದೇ ಮಹಾಲಿಂಗ!

"ಕೊನೇಲಿ ಗುಡುಗಾಸುರ ಏನಾದ, ಹೇಳ್ಲಾ?"

"ಸತ್ತೋದ ಕಣ್ಲಾ. ರಾಕ್ಷಸ ಅಂದ್ಮೇಲೆ ಸಾಯ್ದೆ ಇರ್ತನಾ?"

"ಸತ್ತಿಲ್ಲ ಕಣ್ಲಾ! ಸತ್ತಿದ್ರೆ ಎರಡನೇ ಸಂಪುಟ ಯಾಕೋ ಪಾಪಿ!"

ಸಂಜೆ ಸೋತು ಬಂದವನನ್ನು ಶಿವರಂಜಿನಿ ಎದುರುಗೊಂಡಳು. "ಬಾವ, ನಿಮ್ ರಾಕ್ಷಸನ ದೆಸೆಯಿಂದ ನನ್ ಮದ್ವೆ ನಿತ್ರೆ ಎರಡನೇ ಸಂಪುಟನ ಒಲೆಗೆ ಹಾಕ್ತೀನಿ!"

"ಹಾಕಕ್ಕೆ ಏನದೆ ಕಣಮ್ಮಿ," ಅಂದಳು ಅಕ್ಕ ಕುಮಾರಿ ಒಳಗಿನಿಂದ. "ಬರ್ದಿದ್ರೆ ತಾನೇ?"

ಶಿವರಂಜಿನಿ ಮೂಗೊರೆಸಿಕೊಂಡು ಥಟ್ಟನೆ ನೆನಪು ಮಾಡಿಕೊಂಡಳು. "ಬಾವ, ಅವ್ರಿಗೂ ಒಂದು ಪುಸ್ತಕ ಕೊಟ್ಟಿದ್ರಲ್ಲ?"

"ಸುನೀಲಂಗಾ? ಫೋನ್ ಮಾಡು ಮತ್ತೆ!"

"ಆ ಕ್ಯಾಂಪಲ್ಲಿ ಸಿಗ್ನಲ್ ಎಲ್ಲದೆ? ನಂಗೇ ಮಾತಿಗೆ ಸಿಕ್ಕಲ್ಲ. ನಾಳೆ ರಜಕ್ಕೆ ಮನೆಗೆ ಬತ್ತರೆ."

ಮಹದೇವಯ್ಯ ಮೀಸೆ ತಿರುವಿದರು. "ಒಳ್ಳೇದೇ ಆಯ್ತು. ಹಂಗಾದ್ರೆ ಅವನು ಈ ನಕ್ಷೆನೂ ನೋಡಿಲ್ಲ, ನೀವು ಹೇಳ್ಕೊಡಕ್ಕೂ ಆಗದಿಲ್ಲ. ಓದಿದ್ರೆ ಗೊತ್ತಾಯ್ತದೆ."

ಮಾರನೆಯ ದಿನ ಹಂಗಳದ ಗಂಡಿನ ಮನೆಯ ಜಗಲಿ ತುಂಬ ಜನ, ಎಲ್ಲರ ಫೋನಿನಲ್ಲೂ ಕೆಂಪು ಗೆರೆ. ಗಂಡಿನ ಅಪ್ಪ ಮನೆಯ ಹೆಂಚನ್ನೇ ಕೊನೆಯ ಸಲವೆಂಬಂತೆ ನೋಡುತ್ತ ಕೂತಿದ್ದರು. ಸುನೀಲ್ ಬೈಕಿನಿಂದ ಇಳಿದದ್ದೇ ತಡ, ಮಹದೇವಯ್ಯ ಫೋನು ಮುಂದೆ ಹಿಡಿದರು. "ಯಾರೂ ಉಸುರು ಬುಡಬ್ಯಾಡಿ! ಇದೇನು ಹೇಳಪ್ಪ."

ಸುನೀಲ್ ಹುಬ್ಬು ಗಂಟಿಕ್ಕಿ ನೋಡಿದ. ಶಿವರಂಜಿನಿ ಸೆರಗಿನ ತುದಿ ಕಚ್ಚಿದಳು. ಶಂಕರನ ಜೀವ ಬಾಯಿಗೆ ಬಂತು.

"ಅಯ್ಯೋ!" ಸುನೀಲ್ ಗಹಗಹಿಸಿ ನಕ್ಕ. "ಇದು ಶಂಕರಣ್ಣನ ಗುಡುಗಾಸುರ ಅಲ್ವಾ! ಮೊಹರು ನೋಡಿ, ಅವನ ಉಂಗುರದ್ದೇ. ಇಗೋ ಈ ಕೆರೆ, ಇದರಲ್ಲಿರೋ ಮೂರು ಕಣ್ಣಿನ ಮೊಸಳೆ ಹೊಟ್ಟೇಲೇ ಅವನ ಜೀವ ಇರದು!"

ಜಗಲಿ ಹಗುರಾಯಿತು. ಆದರೆ ಜನ ಏಳಲಿಲ್ಲ. "ಮೊಸಳೆ ಹೊಟ್ಟೆಗೆ ಜೀವ ಹೆಂಗ ಹೋಯ್ತು?" ಅಂದರು ಗಂಡಿನ ಅಪ್ಪ. ಸುನೀಲ್ ಕಂಬಕ್ಕೊರಗಿ ಕೂತು ಮೊದಲಿಂದ ಹೇಳತೊಡಗಿದ. ಎಲ್ಲರೂ ಹೂಂಗುಟ್ಟಿದರು. ಕಾಫಿ ಬಂತು, ಕಥೆ ಮುಗಿಯಿತು, ವೀಳ್ಯಶಾಸ್ತ್ರದ ದಿನವೂ ಗೊತ್ತಾಯಿತು. ಶಂಕರ ಈ ಶುಭ ಗಳಿಗೆಯಲ್ಲಿ ಚೀಲದಿಂದ ಪುಸ್ತಕಗಳನ್ನು ತೆಗೆದ. "ಕತೆ ಕೇಳಾಯ್ತಲ್ಲಪ್ಪ, ಇನ್ನ ಪುಸ್ತಕ ಯಾಕೆ?" ಎನ್ನುತ್ತ ಜಗಲಿ ಖಾಲಿಯಾಯಿತು.

ಅದಕ್ಕೇನಂತೆ! ಜಗತ್ತಿನಲ್ಲಿ ಒಬ್ಬ ಓದುಗ ಸಿಕ್ಕಿದ್ದನಲ್ಲ! ಶಂಕರ ಸುನೀಲನ ಎರಡೂ ಕೈ ಹಿಡಿದುಕೊಂಡ. "ಪೂರ್ತಿ ಓದಿದ್ದೀಯಲ್ಲಪ್ಪ!"

"ಕ್ಯಾಂಪಲ್ಲಿ ಕೂತು ನಾಕು ಸಲ ಓದಿದ್ದೀನಣ್ಣ."

"ನಾಕು ಸಲ! ಕೇಳಿದ್ಯಾ ಕುಮಾರಿ? ನಾಳೆಯಿಂದಲೇ ಕೂತು ಬರೀತೀನಿ. ಎರಡನೇ ಸಂಪುಟದ ಮೊದಲ ಪ್ರತಿ ನಿನಗೇ ಸುನೀಲ! ಖುದ್ದಾಗಿ ಕ್ಯಾಂಪಿಗೇ ತಂದುಕೊಡ್ತೀನಿ."

ಸುನೀಲ್ ಕತ್ತು ಕೆರೆದುಕೊಂಡ. ಶಿವರಂಜಿನಿಯ ಕಡೆ ಒಮ್ಮೆ ನೋಡಿದ. "ಅಣ್ಣ, ಮುಂದಿನ ತಿಂಗ್ಳಿಂದ ನಾನು ಆ ಕ್ಯಾಂಪಲ್ಲಿ ಇರದಿಲ್ಲ. ಬಂಡೀಪುರದ ಆಫೀಸಿಗೆ ಹಾಕವ್ರೆ."

"ಒಳ್ಳೇದೇ ಆಯ್ತಲ್ಲಪ್ಪ! ಅಲ್ಲಿಗೇ ತಂದುಕೊಡ್ತೀನಿ."

"ಅದಲ್ಲಣ್ಣ," ಸುನೀಲ್ ನೆಲ ನೋಡುತ್ತ, ಆದಷ್ಟೂ ಮೆತ್ತಗೆ ಅಂದ. "ಅಲ್ಲಿ ಸಿಗ್ನಲ್ ಬತ್ತದೆ."